ನಿಂಬೆಹಣ್ಣು ಹಿಡಿದು ಬಸ್ಸು ಹತ್ತಿದ ಗಣಿತದ ಮೇಷ್ಟ್ರು

ಮನುಷ್ಯನ ಮನಸ್ಸನ್ನು ಅರಿಯುವುದಕ್ಕಿಂತ ಗಹನವಾದ ಕಾರ್ಯ ಈ ಲೋಕದಲ್ಲಿ ಇನ್ನೊಂದಿಲ್ಲ. ಅದಕ್ಕೆ ತಾಳ್ಮೆ ಬೇಕು, ವಿದ್ವತ್ತು ಬೇಕು, ಹಿಂದಿನ ಜನ್ಮದ ಒಂದಿಷ್ಟು ಸುಕೃತವೂ ಬೇಕು. ಕಡೂರಿನ ನಮ್ಮ ಹೈಸ್ಕೂಲಿನಲ್ಲಿ ಮಾತ್ರ ಇದ್ಯಾವುದೂ ಬೇಕಾಗಲಿಲ್ಲ. ಸ್ಟಾಫ್ ಮೀಟಿಂಗಿಗೆ ಗೈರುಹಾಜರಾಗಿದ್ದರೆ ಸಾಕಾಗಿತ್ತು.

ಇದು ನಮ್ಮ ಶಾಲೆಯ ಹಳೆಯ ಸಂಪ್ರದಾಯ. ಯಾರೂ ಒಪ್ಪದ ಕೆಲಸವೊಂದು ಮೇಲಿನಿಂದ ಬಂದರೆ, ಅವತ್ತು ಯಾರು ಬಂದಿಲ್ಲವೋ ಅವರ ಹೆಸರನ್ನು ಒಬ್ಬರು ಸೂಚಿಸುವುದು, ಇನ್ನೊಬ್ಬರು ಅನುಮೋದಿಸುವುದು, ಉಳಿದವರು ಚಪ್ಪಾಳೆ ತಟ್ಟಿ ಬಿಸ್ಕತ್ತು ತಿನ್ನುವುದು. ಜನಗಣತಿ, ಮೊಟ್ಟೆ ಹಂಚಿಕೆ, ಶೌಚಾಲಯದ ಉಸ್ತುವಾರಿ, ಎಲ್ಲವೂ ಹೀಗೇ ಇತ್ಯರ್ಥವಾಗುತ್ತಿದ್ದವು. ಕೊರೋನಾ ಕಳೆದು ಶಾಲೆಗಳು ಮತ್ತೆ ತೆರೆದ ಕಾಲಕ್ಕೆ ಮಕ್ಕಳ ಮಾನಸಿಕ ಆರೋಗ್ಯದ ಸುತ್ತೋಲೆಯೊಂದು ಬಂತು. ಕಳವಳದಲ್ಲಿರುವ ಮಕ್ಕಳನ್ನು ಶಾಲೆಯವರು ಗುರುತಿಸಬೇಕು. ಆ ಮಗು ಮತ್ತು ಅದರ ಕುಟುಂಬದವರು ವಾರಕ್ಕೊಮ್ಮೆ ಮನೆಯಲ್ಲೇ ಫೋನಿನ ಮುಂದೆ ಒಟ್ಟಿಗೆ ಕೂರಬೇಕು. ಬೆಂಗಳೂರಿನಿಂದ ಒಬ್ಬ ಆಪ್ತಸಮಾಲೋಚಕಿ ಪರದೆಯ ಮೇಲೆ ಬಂದು ಮಾತಾಡಿಸುತ್ತಾರೆ. ಶಾಲೆಯಿಂದ ಒಬ್ಬರು ಉಸ್ತುವಾರಿ ಇರಬೇಕು. ಅವತ್ತು ತರೀಕೆರೆ ಕಡೆಯಿಂದ ಬರುವ ರೈಲು ತಡವಾಗಿತ್ತು. ಗಣಿತದ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ ಒಳಗೆ ಬರುವ ಹೊತ್ತಿಗೆ ಬಿಸ್ಕತ್ತು ಮುಗಿದಿತ್ತು, ಇಡೀ ಶಾಲೆಯ ಮನಸ್ಸು ಅವರ ವಶಕ್ಕೆ ಬಂದಿತ್ತು.

ನಾನಾಗ ಹೆಡ್ಮಾಸ್ಟರು. ಆದೇಶ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಕೀ ಆನ್ಸರ್ ಕೊಡ್ತಾರಾ ಸಾರ್?"

ಅವರ ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾದರೆ ಅವರಿಗೆ ಆಗುತ್ತಿರಲಿಲ್ಲ. ಹೋದ ತಿಂಗಳು ತರೀಕೆರೆಯಲ್ಲಿ ತೀರಿಕೊಂಡರು. ಊರಿನ ತುಂಬ ಅವರಿಂದ ಹೊಡೆಸಿಕೊಂಡವರೇ ಇರುವುದರಿಂದ ಗುರುತು ಹಿಡಿಯುವುದು ಯಾರಿಗೂ ಕಷ್ಟವಾಗಲಾರದು. ಹೊಡೆಯುತ್ತಿದ್ದುದು ಸರ್ವೀಸಿನ ಮೊದಲರ್ಧದಲ್ಲಿ. ಆಮೇಲೆ ಕಾನೂನು ಬಂತು. ಡಸ್ಟರಿನಿಂದ ಮೇಜಿಗೆ ಹೊಡೆಯುವುದಕ್ಕೆ ಇಳಿದರು. ಮೇಜು ದೂರು ಕೊಡಲಿಲ್ಲ.

ನಾನು ಬೀರೂರಿನವನು. ಬೀರೂರಿನಿಂದ ಕಡೂರಿಗೆ ರೈಲಿನಲ್ಲಿ ಹೋಗುವುದೆಂದರೆ ಅಡುಗೆಮನೆಯಿಂದ ನಡುಮನೆಗೆ ಪಲ್ಲಕ್ಕಿಯಲ್ಲಿ ಹೋದ ಹಾಗೆ. ಬುದ್ಧಿಯಿದ್ದವರೆಲ್ಲ ಬಸ್ಸು ಹತ್ತುತ್ತಿದ್ದರು. ಸ್ಟಾಫ್ ಮೀಟಿಂಗಿನ ದಿನ ಬಿಟ್ಟರೆ ನಾನು ಇವರಿಗೋಸ್ಕರ ರೈಲು ಹತ್ತುತ್ತಿದ್ದೆ. ತರೀಕೆರೆಯಿಂದಲೇ ಅವರು ನನಗೊಂದು ಜಾಗ ಹಿಡಿದು ಅದರ ಮೇಲೆ ತಮ್ಮ ಟಿಫನ್ ಕ್ಯಾರಿಯರಿನ ಚೀಲ ಕೂರಿಸಿರುತ್ತಿದ್ದರು. ಯಾರಾದರೂ ಕೇಳಿದರೆ "ಹೆಡ್ಮಾಸ್ಟ್ರು ಬತ್ತಾರೆ" ಎಂದು ಎಷ್ಟು ಗಂಭೀರವಾಗಿ ಹೇಳುತ್ತಿದ್ದರೆಂದರೆ, ಕೇಳಿದವರು ಪಕ್ಕದ ಸೀಟಿನಿಂದಲೂ ಎದ್ದುಬಿಡುತ್ತಿದ್ದರು. ನಾನು ಹತ್ತಿ ಕೂತು, ಮಾತು ಶುರುವಾಗುವಷ್ಟರಲ್ಲಿ ಕಡೂರು ಬರುತ್ತಿತ್ತು. ಇಬ್ಬರಿಗೂ ಅದೇ ಸರಿಹೋಗಿತ್ತು. ಮಾತಿಗೆ ಅಷ್ಟೇ ಜಾಗ ಕೊಟ್ಟು ಕಳೆದ ಆ ವರ್ಷಗಳಲ್ಲಿ ನಾವಿಬ್ಬರೂ ಒಮ್ಮೆಯೂ ಜಗಳವಾಡಲಿಲ್ಲ.

ಅವರಿಗೆ ಬಸ್ಸು ಆಗುತ್ತಿರಲಿಲ್ಲ. ಹತ್ತಿದರೆ ಹೊಟ್ಟೆ ತೊಳೆಸಿ ವಾಂತಿ. ಇದನ್ನು ಅವರು ದೌರ್ಬಲ್ಯವೆಂದು ಒಪ್ಪಿಕೊಳ್ಳದೆ ಸಿದ್ಧಾಂತ ಮಾಡಿಕೊಂಡಿದ್ದರು. "ರೈಲು ಹಳಿ ಮೇಲೆ ಹೋಗ್ತದೆ ಸಾರ್. ಬಸ್ಸು ಡ್ರೈವರ್ ಮನಸ್ಸಿನ ಮೇಲೆ ಹೋಗ್ತದೆ. ನಾನು ಮನಸ್ಸು ನಂಬೋದಿಲ್ಲ" ಅನ್ನುತ್ತಿದ್ದರು. ಇಂಥವರ ಕೈಗೆ ನಾವು ಮನಸ್ಸಿನ ಇಲಾಖೆ ಒಪ್ಪಿಸಿದ್ದೆವು.

ತರಗತಿಯಲ್ಲಿ ಅವರದ್ದು ಒಂದೇ ಮಂತ್ರ. ಲೆಕ್ಕ ಮಾಡದೆ ಕೊನೆಯ ಉತ್ತರವನ್ನಷ್ಟೇ ಎಲ್ಲಿಂದಲೋ ಹೊಂಚಿ ಬರೆದುಕೊಂಡು ಬಂದವರಿಗೆ, "ಸ್ಟೆಪ್ಸ್ ಬರಿ. ಉತ್ತರ ನಂಗೂ ಗೊತ್ತು." ಉತ್ತರ ತಪ್ಪಿದ್ದು ಸ್ಟೆಪ್ಸ್ ಸರಿಯಿದ್ದರೆ ಅಂಕ ಕೊಡುತ್ತಿದ್ದರು. ಉತ್ತರ ಸರಿಯಿದ್ದು ಸ್ಟೆಪ್ಸ್ ಇಲ್ಲದಿದ್ದರೆ ಸೊನ್ನೆ ಸುತ್ತುತ್ತಿದ್ದರು. ಆ ಸೊನ್ನೆಯನ್ನು ಕಾಂಪಾಸು ಇಟ್ಟು ಎಳೆದಷ್ಟು ದುಂಡಗೆ, ಮನಸ್ಸಿಟ್ಟು ಸುತ್ತುತ್ತಿದ್ದರು.

ಉಸ್ತುವಾರಿಗಳಿಗೆ ಮೊದಲು ಆನ್‌ಲೈನ್ ತರಬೇತಿಯಾಯಿತು. ಮೇಷ್ಟ್ರು ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಕೈಕಟ್ಟಿಕೊಂಡು ಪಕ್ಕದಲ್ಲಿ ಕೂತು ಶ್ರದ್ಧೆಯಿಂದ ಕೇಳಿದರು. ಹೀಗಾಗಿ ಬೆಂಗಳೂರಿನ ಆ ಆಪ್ತಸಮಾಲೋಚಕಿಗೆ ಬಹಳ ದಿನ ನಮ್ಮ ಗಣಿತದ ಮೇಷ್ಟ್ರೆಂದರೆ ಒಂದು ಸೀಲಿಂಗ್ ಫ್ಯಾನು. ಚಿಕ್ಕ ವಯಸ್ಸಿನ ಹುಡುಗಿ, ತುಂಬ ಒಳ್ಳೆಯವಳು, ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಮನೆಯಲ್ಲಿ ಎಲ್ಲರೂ ದಿನವೂ ಒಬ್ಬರನ್ನೊಬ್ಬರು "ಇವತ್ತಿನ ದಿನ ಹೇಗಿತ್ತು?" ಎಂದು ಕೇಳಬೇಕು, ಉಸ್ತುವಾರಿಗಳೂ ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಬೇಕು ಎಂದಳಂತೆ. ಮೇಷ್ಟ್ರು ಆದೇಶ ಮೀರುವವರಲ್ಲ. ಅವತ್ತು ಸಂಜೆ ತರೀಕೆರೆಯ ಮನೆಯಲ್ಲಿ ಚಪ್ಪಲಿ ಬಿಟ್ಟವರೇ ಹೆಂಡತಿಯನ್ನು ಕೇಳಿದ್ದಾರೆ. ಆ ತಾಯಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಸಸ್ಪೆಂಡ್ ಮಾಡಿದ್ರಾ?" ಅಂದರಂತೆ. ಮಾರನೆಯ ದಿನ ರೈಲಿನಲ್ಲಿ ಇದನ್ನು ನನಗೆ ವರದಿ ಮಾಡಿ, "ಮೊದಲ್ನೇ ಅಟೆಂಪ್ಟ್, ಪರವಾಗಿಲ್ಲ" ಅಂದರು.

ನಮ್ಮಲ್ಲಿ ಮೊದಲು ಗುರುತಾದವಳು ಎಂಟನೇ ತರಗತಿಯ ರಕ್ಷಿತಾ. ಯಗಟಿ ಕಡೆಯ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪ ಮಲ್ಲೇಶಪ್ಪನಿಗೆ ತೆಂಗಿನ ತೋಟ, ರಾಗಿ ಹೊಲ, ಒಂದಷ್ಟು ಕುರಿ. ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲದ ಮನೆ. ಚೆನ್ನಾಗಿಯೇ ಇದ್ದ ಹುಡುಗಿ ಆ ವರ್ಷ ಬೆಳಿಗ್ಗೆ ಬಸ್ಸಿನ ಸದ್ದು ಕೇಳಿದರೆ ಹೊಟ್ಟೆನೋವು ಅನ್ನತೊಡಗಿದಳು. ಬಸ್ಸು ಹೋದಮೇಲೆ ನೋವೂ ಹೋಗುತ್ತಿತ್ತು. ಡಾಕ್ಟರಿಗೆ ತೋರಿಸಿದರು, ಏನೂ ಇಲ್ಲ ಎಂದರು. ದೇವರಿಗೆ ಕೇಳಿದರು, ಏನೋ ಇದೆ ಎಂದಿತು. ಕೊನೆಗೆ ಮಲ್ಲೇಶಪ್ಪ ಶಾಲೆಗೆ ಬಂದು ಟಿ.ಸಿ. ಕೇಳಿದ. ಹೆಣ್ಣುಮಗು, ನರಳಿಸಿ ಓದಿಸುವುದು ಯಾಕೆ, ಮನೇಲಿ ಇರಲಿ ಎಂಬುದು ಮನೆಯವರ ತೀರ್ಮಾನ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ಈ ಕಾರ್ಯಕ್ರಮ ಮುಗಿಯುವವರೆಗೆ ಟಿ.ಸಿ. ಕೊಡುವ ಹಾಗಿಲ್ಲ ಎಂದರು. ಅಂಥ ನಿಯಮ ಯಾವ ಸುತ್ತೋಲೆಯಲ್ಲೂ ಇರಲಿಲ್ಲ.

ಮೊದಲ ವಾರಗಳಲ್ಲಿ ಶಾಲೆಯವರೊಬ್ಬರು ಮನೆಯಲ್ಲಿ ಹಾಜರಿರುವುದು ಒಳ್ಳೆಯದು ಎಂದಿದ್ದಳು ಆಪ್ತಸಮಾಲೋಚಕಿ. ಯಗಟಿ ಕಡೆಗೆ ರೈಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ನಿಂಬೆಹಣ್ಣು ಕೊಂಡರು. ನನ್ನನ್ನೂ ಹೊರಡಿಸಿದರು. "ದಾರೀಲಿ ಏನಾದ್ರೂ ಆದ್ರೆ ಹಿಡ್ಕೊಳ್ಳೋಕೆ ಒಬ್ರು ಜವಾಬ್ದಾರಿ ಇರೋರು ಬೇಕು ಸಾರ್." ಸರ್ವೀಸಿನಲ್ಲಿ ನನ್ನ ಹುದ್ದೆಯ ಬಗ್ಗೆ ಅವರು ಆಡಿದ ಒಂದೇ ಒಳ್ಳೆಯ ಮಾತು ಅದು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಯಾರಿಗೋ ಶಾಪ ಹಾಕುತ್ತಿರುವ ಋಷಿಯ ಹಾಗೆ ಕೂತಿದ್ದರು. ಇಳಿದ ಕೂಡಲೇ ಬೇಲಿಯ ಪಕ್ಕಕ್ಕೆ ಹೋಗಿ ಬಂದರು. ಮುಖ ತೊಳೆದುಕೊಂಡು, "ನಡೀರಿ" ಅಂದರು.

ಮಲ್ಲೇಶಪ್ಪನ ಮನೆಯಲ್ಲಿ ಸಮಾರಂಭ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಕುಟುಂಬದವರೆಲ್ಲ ಇರಬೇಕು ಎಂದು ಶಾಲೆಯಿಂದ ಹೇಳಿ ಕಳಿಸಿದ್ದೆವು. ಬೆಂಗಳೂರಿನ ಲೆಕ್ಕದಲ್ಲಿ ಕುಟುಂಬವೆಂದರೆ ಅಪ್ಪ, ಅಮ್ಮ, ಮಗು. ಆ ಹಳ್ಳಿಯ ಲೆಕ್ಕದಲ್ಲಿ ದೊಡ್ಡಪ್ಪಂದಿರು, ಚಿಕ್ಕಪ್ಪಂದಿರು, ಅವರವರ ಸಂಸಾರ, ಒಬ್ಬ ದೊಡ್ಡಜ್ಜ, ಮತ್ತು ಯಾರನ್ನೋ ಬಿಟ್ಟೆವೆಂಬ ಮಾತು ಬರಬಾರದೆಂದು ಕರೆದ ದಾಯಾದಿಗಳು. ಜಮಖಾನ ಹಾಸಿ, ಗೋಡೆಯ ಗೂಡಿನಲ್ಲಿ ಫೋನು ನಿಲ್ಲಿಸಿ, ಅದರ ಪಕ್ಕ ಎರಡು ಬಾಳೆಹಣ್ಣು ಇಟ್ಟಿದ್ದರು. ಪರದೆಯಲ್ಲಿ ಆಪ್ತಸಮಾಲೋಚಕಿ ಕಾಣಿಸಿಕೊಂಡಾಗ ಹೆಂಗಸರು ಸೆರಗು ಸರಿಮಾಡಿಕೊಂಡರು. ದೊಡ್ಡಜ್ಜ ಎದ್ದು ಕೈಮುಗಿದ. ಅವಳು ಈ ಜನಸಾಗರ ನೋಡಿ ಒಂದು ಕ್ಷಣ ಬೆಚ್ಚಿ, ಆಮೇಲೆ ಎಲ್ಲರಿಗೂ ಸ್ವಾಗತ ಕೋರಿದಳು.

ಮೊದಲ ಶನಿವಾರ ಮಗುವಿನ ಒಂದು ಒಳ್ಳೆಯ ಗುಣವನ್ನು ಎಲ್ಲರೆದುರು ಹೇಳಬೇಕಿತ್ತು. ಕಡೂರು ಸೀಮೆಯಲ್ಲಿ ಹೆತ್ತ ಮಗುವನ್ನು ಎದುರಿಗೇ ಹೊಗಳುವ ಪದ್ಧತಿಯಿಲ್ಲ, ದೃಷ್ಟಿಯಾಗುತ್ತದೆ. ಮಲ್ಲೇಶಪ್ಪ ಬಹಳ ಹೊತ್ತು ಹೆಗಲ ಮೇಲಿನ ಟವೆಲ್ಲು ಹಿಂಡಿ, "ಕುರಿಮರಿ ಚೆನ್ನಾಗಿ ನೋಡ್ಕೊತಾಳೆ" ಅಂದ. ಹೇಳಿದ್ದೇ ತಡ ತಾಯಿ ಗಿರಿಜಮ್ಮ ಎದ್ದು ಹೋಗಿ ಉಪ್ಪು ಮೆಣಸಿನಕಾಯಿ ತಂದು ಮಗಳಿಗೆ ನಿವಾಳಿಸಿ ಒಲೆಗೆ ಹಾಕಿದಳು. ಇಡೀ ಕುಟುಂಬ ಕೆಮ್ಮಿತು. ಪರದೆಯಿಂದ ಅವಳು "ಅಲ್ಲಿ ಏನಾಗ್ತಾ ಇದೆ ಸರ್?" ಎಂದು ಗಾಬರಿಯಾಗಿ ಕೇಳಿದಳು. ಮೇಷ್ಟ್ರು ಕೆಮ್ಮುತ್ತಲೇ, "ಫಾಲೋ ಅಪ್ ಮೇಡಂ" ಅಂದರು. ರಕ್ಷಿತಾ ಮಾತ್ರ ಬಾಯಿ ಬಿಡಲಿಲ್ಲ.

ಮುಂದಿನ ಶನಿವಾರ ಮತ್ತೆ ನಿಂಬೆಹಣ್ಣು, ಮತ್ತೆ ಬೇಲಿ. ಅವತ್ತು ಆಪ್ತಸಮಾಲೋಚಕಿ ನೇರವಾಗಿ ಕೇಳಿದಳು, ಶಾಲೆಗೆ ಹೋಗಲು ಯಾಕೆ ಮನಸ್ಸಾಗುತ್ತಿಲ್ಲ ಅಂತ. ಹುಡುಗಿ ತಲೆ ತಗ್ಗಿಸಿದಳು. ಅವಳ ಪರವಾಗಿ ಕುಟುಂಬ ಉತ್ತರಿಸತೊಡಗಿತು. ಒಬ್ಬರು ಬಸ್ಸಿನ ನೂಕುನುಗ್ಗಲು ಎಂದರು, ಒಬ್ಬರು ಗಾಳಿ ಎಂದರು, ಒಬ್ಬ ದೊಡ್ಡಮ್ಮ ಗಣಿತ ಎಂದಳು. ಎಲ್ಲರೂ ಮೇಷ್ಟ್ರನ್ನು ನೋಡಿದರು.

ಮೇಷ್ಟ್ರು ಎದ್ದು ನಿಂತರು. ಡಸ್ಟರು ಇರಲಿಲ್ಲವಾಗಿ ಅಂಗೈಯಿಂದ ಕಂಬಕ್ಕೆ ಒಮ್ಮೆ ಹೊಡೆದರು. ಅಂಗಳದ ಕೋಳಿ ಕೂಡ ಸುಮ್ಮನಾಯಿತು.

"ಯಾರೂ ಉತ್ತರ ಹೇಳ್ಬೇಡಿ. ನೀನೂ ಉತ್ತರ ಹೇಳ್ಬೇಡ ರಕ್ಷಿತಾ. ಸ್ಟೆಪ್ಸ್ ಹೇಳು. ಮೊದಲ್ನೇ ಸಲ ಹೊಟ್ಟೆನೋವು ಬಂತಲ್ಲ, ಅದಕ್ಕೆ ಮುಂಚೆ ಏನಾಯ್ತು? ಅದಕ್ಕೂ ಮುಂಚೆ?"

ಹುಡುಗಿ ಎದ್ದು ಒಳಗೆ ಹೋದಳು. ಹೋದವಳು ಬರುವುದಿಲ್ಲ ಎಂದುಕೊಂಡೆ. ಒಂದು ಚೀಲ ಹಿಡಿದುಕೊಂಡು ಬಂದಳು. ಮದುವೆಯಲ್ಲಿ ತಾಂಬೂಲ ಹಾಕಿಕೊಡುವ ಬಟ್ಟೆಯ ಚೀಲ, ಮೇಲೆ ವಧೂವರರ ಹೆಸರು ಅಚ್ಚಾದದ್ದು. ಅದನ್ನು ಫೋನಿನ ಮುಂದೆ ಇಟ್ಟಳು.

ಗಿರಿಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಗ ಗೊತ್ತಾದದ್ದು ಇಷ್ಟು. ಆ ವರ್ಷ ಶಾಲೆ ತೆರೆದ ಹೊಸದರಲ್ಲಿ ಗಿರಿಜಮ್ಮನಿಗೆ ಇದ್ದಕ್ಕಿದ್ದ ಹಾಗೆ ಹೊಟ್ಟೆಯ ಆಪರೇಷನ್ ಆಗಿತ್ತು, ಶಿವಮೊಗ್ಗದಲ್ಲಿ. ಆ ಹೊತ್ತಿಗೆ ಮಗಳು ಶಾಲೆಯಲ್ಲಿದ್ದಳು. ಮಕ್ಕಳಿಗೆ ಇಂಥದ್ದನ್ನೆಲ್ಲ ಹೇಳಬಾರದು ಎಂಬುದು ಆ ಮನೆಯ, ಆ ಮನೆಯೊಂದರದ್ದೇನು, ನಮ್ಮೆಲ್ಲರ ಮನೆಯ ಪದ್ಧತಿ. ಸಂಜೆ ಬಂದವಳಿಗೆ ಅಮ್ಮ ಅಜ್ಜಂಪುರಕ್ಕೆ ಮದುವೆಗೆ ಹೋಗಿದ್ದಾಳೆ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮಲ್ಲೇಶಪ್ಪ ಅದನ್ನು ಅಚ್ಚುಕಟ್ಟಾಗಿ ಮಾಡಲು ಹೋದ. ಆಸ್ಪತ್ರೆಯಿಂದ ಬರುತ್ತಾ ಬೀರೂರಿನ ಬೇಕರಿಯಲ್ಲಿ ಲಾಡು ಕೊಂಡು, ಒಂದು ತೆಂಗಿನಕಾಯಿ, ಎಲೆ ಅಡಿಕೆ ಸೇರಿಸಿ, ಮನೆಯಲ್ಲಿದ್ದ ತಾಂಬೂಲದ ಚೀಲಕ್ಕೆ ತುಂಬಿ, ಅಮ್ಮ ಮದುವೆಮನೆಯಿಂದ ಕಳಿಸಿದ್ದಾಳೆ ಎಂದು ಮಗಳ ಕೈಗೆ ಕೊಟ್ಟ. ಚೀಲದ ಮೇಲಿದ್ದದ್ದು ಅವನ ಸ್ವಂತ ತಮ್ಮನ ಮದುವೆಯ ಹೆಸರು. ಆ ತಮ್ಮ, ಅವನ ಹೆಂಡತಿ, ಇಬ್ಬರೂ ಈಗ ಜಮಖಾನದ ಮೊದಲ ಸಾಲಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಮದ್ವೆ ಅಲ್ಲ ಅಂತ ಅವತ್ತೇ ಗೊತ್ತಾಯ್ತು" ಅಂದಳು ರಕ್ಷಿತಾ. ಫೋನಿಗೆ ಹೇಳುತ್ತಿದ್ದಳೋ ಮೇಷ್ಟ್ರಿಗೋ ತಿಳಿಯಲಿಲ್ಲ. "ಅಮ್ಮ ಸತ್ತೋಗಿದಾಳೆ, ನಂಗೆ ಹೇಳ್ತಿಲ್ಲ ಅಂದ್ಕೊಂಡೆ."

"ಕೇಳ್ಬಾರ್ದಿತ್ತೇನವ್ವಾ ನನ್ನ" ಅಂದ ಮಲ್ಲೇಶಪ್ಪ.

"ನೀನು ಲಾಡು ತಿನ್ನು ಅಂದೆಯಲ್ಲಪ್ಪ. ಬೇಡ ಅಂದ್ರೆ ಬೇಜಾರ್ ಮಾಡ್ಕೊಂತೀಯ ಅಂತ ತಿಂದೆ."

ಅಮ್ಮ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಮೇಲೂ ಹುಡುಗಿಗೆ ನಂಬಿಕೆ ಬಂದಿರಲಿಲ್ಲ. ತಾನು ಶಾಲೆಯಲ್ಲಿದ್ದಾಗ ಮನೆಯಲ್ಲಿ ಏನು ಬೇಕಾದರೂ ಆಗಬಹುದು, ಆದರೆ ಯಾರೂ ಹೇಳುವುದಿಲ್ಲ. ಬಸ್ಸಿನ ಸದ್ದಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದುದು ಅದಕ್ಕೆ. ಆಪ್ತಸಮಾಲೋಚಕಿ ಪುಸ್ತಕದ ಕನ್ನಡ ಬಿಟ್ಟು, "ಅಳು ಬಂದ್ರೆ ಅಳಿ, ಪರವಾಗಿಲ್ಲ" ಅಂದಳು. ಮೊದಲು ಅತ್ತವನು ದೊಡ್ಡಜ್ಜ.

ಮುಂದಿನ ವಾರಗಳಲ್ಲಿ ಮೂವರೇ ಕೂರುವುದೆಂದು ತೀರ್ಮಾನವಾಯಿತು. ದಾಯಾದಿಗಳು ಸ್ವಲ್ಪ ನೊಂದುಕೊಂಡರು. ಆಪ್ತಸಮಾಲೋಚಕಿ ಅಪ್ಪ ಅಮ್ಮನಿಂದ ಒಂದು ಮಾತು ತೆಗೆದುಕೊಂಡಳು: ಮನೆಯಲ್ಲಿ ಏನೇ ಆದರೂ ಮಗಳಿಗೆ ಆಗಿಂದಾಗಲೇ, ಇದ್ದದ್ದು ಇದ್ದ ಹಾಗೆ ಹೇಳಬೇಕು. ಹೇಳುವುದು ಹೇಗೆ, ಮಗು ಶಾಲೆಯಲ್ಲಿರುತ್ತದಲ್ಲ ಎಂದ ಮಲ್ಲೇಶಪ್ಪ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ತಮ್ಮ ನಂಬರು ಕೊಟ್ಟರು. ಮಕ್ಕಳ ಕೈಯಲ್ಲಿ ಫೋನು ಕಂಡರೆ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದವರು ಇವರು. ಆಮೇಲೆ ದಿನಾ ಮಧ್ಯಾಹ್ನ ಊಟದ ಬೆಲ್ಲು ಹೊಡೆದ ಕೂಡಲೇ ಸ್ಟಾಫ್ ರೂಮಿನಲ್ಲಿ ಅವರ ಫೋನು ಬಡಿದುಕೊಳ್ಳುತ್ತಿತ್ತು. ಗಿರಿಜಮ್ಮ. "ಉಂಡೆ ಕಣವ್ವ, ನೀನು?" ಅಷ್ಟೇ ಮಾತು. ಹುಡುಗಿ ಫೋನು ವಾಪಸು ಕೊಟ್ಟು ಹೋಗುತ್ತಿದ್ದಳು. ಮೇಷ್ಟ್ರು ಅದನ್ನು ಅಂಗಿಗೆ ಒರೆಸಿ ಜೇಬಿಗಿಡುತ್ತಿದ್ದರು. ಬರಬರುತ್ತಾ ಫೋನು ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆಯಾಯಿತು. ಫೋನು ಬರದ ದಿನ ಇವರೇ ಎರಡು ಸಲ ತೆಗೆದು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅರ್ಧವಾರ್ಷಿಕ ಪರೀಕ್ಷೆ ಬಂತು. ಗಣಿತದ ದಿನ ಪತ್ರಿಕೆ ಕೊಟ್ಟು ಸ್ವಲ್ಪ ಹೊತ್ತಾಗಿರಬೇಕು, ಮೇಷ್ಟ್ರ ಫೋನು ಬಡಿದುಕೊಂಡಿತು. ಮಲ್ಲೇಶಪ್ಪ. ಹೊಲಿಗೆ ಹಾಕಿದ ಕಡೆ ನೋವು ಜಾಸ್ತಿಯಾಗಿ ಗಿರಿಜಮ್ಮನನ್ನು ಮತ್ತೆ ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟಿದ್ದಾರೆ. ಮಾತು ಕೊಟ್ಟಿದ್ದಕ್ಕೆ ಫೋನು ಮಾಡಿದ್ದಾನೆ. ಆದರೆ ಈಗಲೇ ಹೇಳುವುದು ಬೇಡ, ಪರೀಕ್ಷೆ ಮುಗೀಲಿ, ಮಗಾ ಹೆದರ್ಕೊಂಡು ಪೇಪರ್ ಬಿಟ್ಟು ಬಂದ್ಬಿಟ್ರೆ ಇನ್ನು ಶಾಲೆ ಮುಖ ನೋಡಲ್ಲ ಅನ್ನುತ್ತಿದ್ದಾನೆ. ನನಗೂ ಅದೇ ಸರಿ ಅನ್ನಿಸಿತು. ಇನ್ನೆರಡು ಗಂಟೆಯಲ್ಲಿ ಬೆಲ್ಲು ಹೊಡೆಯುತ್ತೆ, ಆಮೇಲೆ ನಾನೇ ಹೇಳುತ್ತೇನೆ ಅಂದೆ.

ಮೇಷ್ಟ್ರು ನನ್ನ ಮೇಜಿನ ಮುಂದೆ ನಿಂತಿದ್ದರು.

"ಇದೂ ಲಾಡೇ ಸಾರ್" ಅಂದರು. ಅಂದು, ನನ್ನ ಅಪ್ಪಣೆಗೆ ಕಾಯದೆ ಪರೀಕ್ಷೆಯ ಕೋಣೆಗೆ ಹೋದರು.

ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಹುಡುಗಿಯ ಬೆಂಚಿನ ಪಕ್ಕ ಬಗ್ಗಿ, ಮೆಲ್ಲಗೆ ಹೇಳುವುದು ಅವರಿಗೆ ಯಾವತ್ತೂ ಬಾರದಾದ್ದರಿಂದ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು. ಅಮ್ಮನಿಗೆ ನೋವು ಬಂದಿದೆ. ಶಿವಮೊಗ್ಗಕ್ಕೆ ಹೋಗ್ತಾ ಇದಾರೆ. ಅಪ್ಪ ಜೊತೇಲಿದ್ದಾರೆ. ಇಷ್ಟೇ ಗೊತ್ತಿರೋದು, ಇದಕ್ಕಿಂತ ಜಾಸ್ತಿ ನನಗೂ ಗೊತ್ತಿಲ್ಲ.

ಹುಡುಗಿಯ ಕೈ ಹೊಟ್ಟೆಯ ಕಡೆಗೆ ಹೋದದ್ದನ್ನು ನೋಡಿದೆ. ಮುಗಿಯಿತು ಅಂದುಕೊಂಡೆ.

"ಹೋಗ್ತೀಯೋ, ಬರೀತೀಯೋ? ಎರಡೂ ಸರಿ" ಅಂದರು ಮೇಷ್ಟ್ರು.

"ಅಮ್ಮನ ಹತ್ರ ಮಾತಾಡ್ಬೇಕು ಸಾರ್."

ಪರೀಕ್ಷಾ ಕೋಣೆಯೊಳಗೆ, ಮಕ್ಕಳೆಲ್ಲ ನೋಡುತ್ತಿದ್ದಂತೆ, ಮೇಷ್ಟ್ರು ಫೋನು ಮಾಡಿ ಅವಳ ಕೈಗೆ ಕೊಟ್ಟರು. ಅವಳು ಬರೀ ಹೂಂ, ಹೂಂ ಅಂದಳು. ಕೊನೆಗೆ, "ಡಾಕ್ಟ್ರು ಏನಂದ್ರು ಅಂತ ಸಂಜೆ ಹೇಳ್ಬೇಕು, ಪೂರ್ತಿ ಹೇಳ್ಬೇಕು" ಅಂದಳು. ಫೋನು ಕೊಟ್ಟು, ಕಣ್ಣು ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಕಳೆದ ಹೊತ್ತನ್ನು ಮೇಷ್ಟ್ರು ಕೊನೆಯಲ್ಲಿ ಸೇರಿಸಿ ಕೊಟ್ಟರು. ಅಂಕ ಸೇರಿಸಿ ಕೊಡಲಿಲ್ಲ. ಎರಡು ಲೆಕ್ಕಕ್ಕೆ ಸ್ಟೆಪ್ಸ್ ಇರಲಿಲ್ಲ, ಎರಡಕ್ಕೂ ದುಂಡಗೆ ಸುತ್ತಿದರು.

ಮಾರನೆಯ ದಿನ ಯಗಟಿ ಬಸ್ಸು ಬರುವ ಹೊತ್ತಿಗೆ ಅವರು ಶಾಲೆಯ ಗೇಟಿನ ಹತ್ತಿರ ಸಸಿಗಳನ್ನು ಪರೀಕ್ಷಿಸುತ್ತಿದ್ದರು. ಸಸ್ಯಗಳ ಬಗ್ಗೆ ಅವರಿಗೆ ಆಸಕ್ತಿಯಿದ್ದುದನ್ನು ನಾನು ಅದಕ್ಕೆ ಮೊದಲೂ ಕಾಣೆ, ಆಮೇಲೂ ಕಾಣೆ. ರಕ್ಷಿತಾ ಗೇಟಿನೊಳಗೆ ಬಂದು, "ಡಾಕ್ಟ್ರು ಬೆಲ್ಟ್ ಕೊಟ್ಟಿದಾರೆ ಸಾರ್, ಭಾರ ಎತ್ತಬಾರ್ದಂತೆ" ಎಂದು ಒಪ್ಪಿಸಿ ತರಗತಿಗೆ ಹೋದಳು. ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ಸಸಿ ನೋಡಿದರು.

ತರೀಕೆರೆಯಲ್ಲಿ ಅವರ ಶಿವಗಣಾರಾಧನೆಗೆ ಹೋಗಿದ್ದೆ. ರೈಲಿನಲ್ಲೇ ಹೋದೆ. ಕಿಟಕಿಯ ಪಕ್ಕದ ಸೀಟು ಖಾಲಿಯಿದ್ದರೂ ಯಾರದ್ದೋ ಚೀಲವನ್ನು ಹುಡುಕುವ ಹಾಗೆ ಒಂದು ಕ್ಷಣ ನಿಂತು ಆಮೇಲೆ ಕೂತೆ. ಅವರ ಮನೆಯಾಕೆ ಮಾತಿಗೆ ಮಾತು ಬಂದು ಹೇಳಿದರು, ಆ ತರಬೇತಿಯಾದ ಮೇಲೆ ಕೊನೆಯವರೆಗೂ ದಿನಾ ಸಂಜೆ ಕೇಳುವುದನ್ನು ಬಿಡಲಿಲ್ಲವಂತೆ. ಚಪ್ಪಲಿ ಬಿಟ್ಟ ಕೂಡಲೇ, ನಿವೃತ್ತಿಯಾದ ಮೇಲೆ ಚಪ್ಪಲಿ ಬಿಡುವ ಪ್ರಸಂಗವಿಲ್ಲದಿದ್ದರೂ ಅದೇ ಹೊತ್ತಿಗೆ, ಇವತ್ತು ಹೇಗಿತ್ತು ಅನ್ನುವುದು. "ಮೊದಮೊದ್ಲು ನಗು ಬರೋದು. ಈಗ ಆ ಹೊತ್ತಿಗೆ ಏನ್ ಮಾಡ್ಬೇಕೋ ತಿಳಿಯಲ್ಲ" ಅಂದರು. ನಾನು ಪಾಯಸ ಚೆನ್ನಾಗಿದೆ ಅಂದೆ.

ಊಟದ ಪಂಕ್ತಿಯಲ್ಲಿ ಮಲ್ಲೇಶಪ್ಪ, ಗಿರಿಜಮ್ಮ ಸಿಕ್ಕರು. ಮೇಷ್ಟ್ರು ಹೋದ ಸುದ್ದಿಯನ್ನು ಮಗಳಿಗೆ ಅವತ್ತೇ ಹೇಳಿದೆವು ಎಂದರು. ಅವಳೂ ಬಂದಿದ್ದಳು. ಲಾಡು ಬಡಿಸಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಅಂದಳು. ಮಲ್ಲೇಶಪ್ಪ ಬೇಜಾರು ಮಾಡಿಕೊಳ್ಳಲಿಲ್ಲ.

ರಕ್ಷಿತಾ ಈಗ ಕಡೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಗಣಿತ ತೆಗೆದುಕೊಂಡಿಲ್ಲ.